ಅಚ್ಚಿನ ಮನೆಯ ಹೊಸ್ತಿಲು

(ಬಾನುಲಿ ಭಾಷಣ)

2025ನೆಯ ಇಸವಿಯ ಮೇ 20ರಂದು ಲಂಡನ್ ನಗರದಲ್ಲಿ ಕನ್ನಡದ ಕಥೆಗಾರ್ತಿ ಬಾನು ಮುಷ್ತಾಕ್ ಅವರ ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಿತವಾಯಿತು. ದೀಪಾ ಭಸ್ತಿಯವರು ಇಂಗ್ಲಿಷಿಗೆ ತಂದ ಆ ಸಂಕಲನದ ಹೆಸರು ‘ಹಾರ್ಟ್ ಲ್ಯಾಂಪ್’. ಅದರಲ್ಲಿರುವ ಹನ್ನೆರಡು ಕಥೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ಕನ್ನಡದಲ್ಲಿ ರಚಿತವಾದವು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಕನ್ನಡಕ್ಕೆ ಸಂದದ್ದೂ ಅದೇ ಮೊದಲು. ಮರುದಿನ ನಮ್ಮ ಬೀದಿಯಲ್ಲಿ ನಿತ್ಯವೂ ವಾಯುಸೇವನೆಗೆ ಹೊರಡುವ ಮಿತ್ರರೊಬ್ಬರು ನನ್ನನ್ನು ತಡೆದು, “ಇವರು ಯಾವಾಗ ಲೇಖಕಿಯಾದರು ಸ್ವಾಮಿ? ನಾವು ಹೆಸರನ್ನೇ ಕೇಳಿರಲಿಲ್ಲವಲ್ಲ!” ಎಂದರು. ಪ್ರಶ್ನೆ ಮುಗ್ಧವಾದುದು. ಆದರೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಕನ್ನಡ ಕಥನಸಾಹಿತ್ಯದ ಒಂದೂಕಾಲು ಶತಮಾನದ ಚರಿತ್ರೆಯನ್ನೇ ಬೇರೊಂದು ಕಡೆಯಿಂದ ನೋಡಿದಂತಾಗುತ್ತದೆ.

ಬರೆಯುವವನು ಬರಹಗಾರನಾಗುವುದು ಬರೆದ ದಿನವೇ. ಆದರೆ ಲೋಕ ಅವನನ್ನು ಗ್ರಂಥಕರ್ತನೆಂದು ಒಪ್ಪುವುದು ಬೇರೆಯ ದಿನ. ಆ ಎರಡು ದಿನಗಳ ನಡುವೆ ಅಚ್ಚಿನ ಮನೆಯ ಹೊಸ್ತಿಲೊಂದಿದೆ. ನಮ್ಮ ಸಾಹಿತ್ಯಚರಿತ್ರೆಗಳು ಕೃತಿಗಳ ವಸ್ತು, ಪಾತ್ರ, ಶೈಲಿಗಳ ವಿಚಾರವನ್ನು ವಿಸ್ತಾರವಾಗಿ ಹೇಳುತ್ತವೆ. ಆ ಕೃತಿ ಯಾರ ಕೈಯಿಂದ ಯಾರ ಕೈಗೆ ಹೋಗಿ, ಯಾರ ಖರ್ಚಿನಲ್ಲಿ, ಯಾರ ಭರವಸೆಯ ಮೇಲೆ ಅಚ್ಚಾಯಿತೆಂಬುದನ್ನು ಮಾತ್ರ ಸಾಮಾನ್ಯವಾಗಿ ಮುನ್ನುಡಿಯ ಕೊನೆಯ ಕೃತಜ್ಞತೆಯ ಸಾಲುಗಳಿಗೆ ಬಿಟ್ಟುಬಿಡುತ್ತವೆ. ಇಂದು ಆ ಸಾಲುಗಳ ಕಡೆಗೇ ಶ್ರೋತೃಗಳ ಗಮನವನ್ನು ಸೆಳೆಯಬಯಸುತ್ತೇನೆ.

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಲೇಖಕರು ಪೊಲೀಸ್ ಇಲಾಖೆಯಲ್ಲಿದ್ದವರು. ತಮ್ಮ ಸಮಾಜದ ಡಾಂಭಿಕತೆಯನ್ನೂ ವಿಧವೆಯರ ಸಂಕಟವನ್ನೂ ಹಿಂಜರಿಯದೆ ಬರೆದವರು. ನಾಲ್ಕೇ ವರ್ಷಗಳಲ್ಲಿ, 1903ರಲ್ಲಿ, ಎಂ. ಇ. ಕೌಚ್‌ಮನ್ ಎಂಬ ಆಂಗ್ಲ ಅಧಿಕಾರಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಕನ್ನಡದಿಂದ ಇಂಗ್ಲಿಷಿಗೆ ಹೋಗಲು ಮೊದಲ ಕಾದಂಬರಿಗೆ ಹಿಡಿದದ್ದು ನಾಲ್ಕು ವರ್ಷ. ಬಾನು ಅವರ ಮೊದಲ ಸಂಕಲನ ‘ಹೆಜ್ಜೆ ಮೂಡಿದ ಹಾದಿ’ 1990ರದು. ಬೂಕರ್ ಬಂದ ಇಂಗ್ಲಿಷ್ ಸಂಕಲನ 2025ರದು. ಮುನ್ನಡೆಯೆಂಬುದು ಸರಳರೇಖೆಯಲ್ಲಿ ನಡೆಯುವುದಿಲ್ಲವೆಂಬುದಕ್ಕೆ ಇಷ್ಟು ಸಾಕು.

ಆ ಕಾಲದಲ್ಲಿ ಪುಸ್ತಕ ಪ್ರಕಟಿಸುವುದೆಂದರೆ ಅಚ್ಚು ಹಾಕಿಸುವುದಷ್ಟೇ ಆಗಿರಲಿಲ್ಲ. ಓದುಗನನ್ನು ಹುಟ್ಟಿಸುವುದೂ ಲೇಖಕನ ಕೆಲಸವೇ ಆಗಿತ್ತು. ಹಳೆಯ ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಸಿ ಜನಕ್ಕೆ ಓದಿನ ರುಚಿ ಹತ್ತಿಸಿದರು. ಧಾರವಾಡದ ಕಡೆ ಆ ಹೊಣೆಯನ್ನು ಹೊತ್ತವರು ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು. ‘ಹೊತ್ತವರು’ ಎಂಬ ಮಾತನ್ನು ಇಲ್ಲಿ ಅಲಂಕಾರವಾಗಿ ಹೇಳುತ್ತಿಲ್ಲ. ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯಲ್ಲಿ ಕಾದಂಬರಿಗಳನ್ನು ಕಂತುಕಂತಾಗಿ ಪ್ರಕಟಿಸಿ ಚಂದಾದಾರರನ್ನು ಕೂಡಿಸಿದ ಆ ಶಾಲಾಮಾಸ್ತರರು, ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ, ಮನೆಮನೆಯ ಜಗುಲಿಯ ಮೇಲೆ ಬಿಚ್ಚಿಟ್ಟು ಮಾರಿದರು. ಮರಾಠಿ ಓದುವುದೇ ಸುಸಂಸ್ಕೃತರ ಲಕ್ಷಣವೆಂದು ಭಾವಿಸಿದ್ದ ಪ್ರಾಂತದಲ್ಲಿ ಕನ್ನಡ ಪುಸ್ತಕವನ್ನು ಕೊಳ್ಳಿರೆಂದು ಕೇಳುವುದೇ ಒಂದು ಸಾಹಸ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸಿದ್ದರ ಜೊತೆಗೆ ‘ಮಾಧವ ಕರುಣಾವಿಲಾಸ’ದಂಥ ಸ್ವತಂತ್ರ ಕೃತಿಯನ್ನೂ ರಚಿಸಿದ ಅವರು 1942ರಲ್ಲಿ ತೀರಿಕೊಂಡರು. ಲೇಖಕ, ಸಂಪಾದಕ, ಪ್ರಕಾಶಕ, ಮಾರಾಟಗಾರ, ಕೂಲಿ, ಈ ಐದೂ ಒಬ್ಬನೇ ಆದ ಉದಾಹರಣೆ ಇತರ ಭಾಷೆಗಳಲ್ಲಿಯೂ ಇರಬಹುದು. ಆದರೆ ನಮ್ಮಲ್ಲಿ ಅದು ಮುಂದೆ ಒಂದು ಸಂಪ್ರದಾಯವೇ ಆಯಿತೆಂಬುದನ್ನು ಗಮನಿಸಬೇಕು.

ಈ ಸಂಪ್ರದಾಯದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದ ಹೆಸರು ನಂಜನಗೂಡು ತಿರುಮಲಾಂಬ ಅವರದು. 1887ರಲ್ಲಿ ಹುಟ್ಟಿದ ಈಕೆಗೆ ಬಾಲ್ಯವಿವಾಹವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ ಪ್ರಾಪ್ತವಾಯಿತು. ಶಾಲೆಯ ಓದು ದಕ್ಕಲಿಲ್ಲ. ಆ ಕಾಲದಲ್ಲಿ ಹಾಗೆ ವಿಧವೆಯಾದ ಹುಡುಗಿಗೆ ಮನೆಯ ಹಿತ್ತಲು, ಅಡಿಗೆಮನೆ, ದೇವರಮನೆ ಇವುಗಳೇ ಲೋಕದ ಎಲ್ಲೆಗಳು. ಆದರೆ ವಕೀಲರಾಗಿದ್ದ ತಂದೆ ಮಗಳಿಗೆ ಪುಸ್ತಕಗಳನ್ನು ತಂದುಕೊಟ್ಟರು, ಬರೆಯಲು ಬಿಟ್ಟರು. 1913ರಲ್ಲಿ ಆಕೆ ತಮ್ಮ ಮೊದಲ ಕಾದಂಬರಿ ‘ಸುಶೀಲೆ’ಯನ್ನು ಹೊರತಂದರು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಅದನ್ನು ಹೊರತರಲು ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿದರು. ಕನ್ನಡದಲ್ಲಿ ಹೆಂಗಸೊಬ್ಬಳು ಪ್ರಕಾಶಕಿಯಾದದ್ದು ಅದೇ ಮೊದಲು.

ಯಾಕೆ ಸ್ಥಾಪಿಸಬೇಕಾಯಿತು? ಇಂದಿನ ಯುವಕ ಯುವತಿಯರಿಗೆ ಈ ಪ್ರಶ್ನೆಯ ಭಾರ ತಿಳಿಯುವುದು ಕಷ್ಟ. ಬರೆದ ಹಸ್ತಪ್ರತಿಯನ್ನು ಬಗಲಲ್ಲಿಟ್ಟುಕೊಂಡು ಅಚ್ಚುಕೂಟದ ಯಜಮಾನನ ಮುಂದೆ ನಿಲ್ಲುವುದು ಆಕೆಗೆ ಸಾಧ್ಯವಿರಲಿಲ್ಲ. ಗಂಡಸಾದರೆ ಸಂಘಸಂಸ್ಥೆಗಳಿಗೆ ಹೋಗಿ ಬರಬಹುದು, ಪಂಡಿತರನ್ನು ಕಂಡು ನಾಲ್ಕು ಸಾಲಿನ ಅಭಿಪ್ರಾಯ ಬರೆಸಿಕೊಳ್ಳಬಹುದು, ಸಾಲ ಮಾಡಬಹುದು. ಗಳಗನಾಥರಂತೆ ಗಂಟು ಹೊತ್ತು ತಿರುಗುವ ಸ್ವಾತಂತ್ರ್ಯವೂ ಗಂಡಸಿನ ಸ್ವಾತಂತ್ರ್ಯವೇ. ಹೊಸ್ತಿಲನ್ನು ದಾಟಲಾಗದವಳು ಮನೆಯೊಳಗೇ ಇನ್ನೊಂದು ಬಾಗಿಲನ್ನು ಕೊರೆದಳು. ‘ನಭಾ’, ‘ಮಾತೃನಂದಿನಿ’ ಮೊದಲಾದ ಕಾದಂಬರಿಗಳು ಆ ಬಾಗಿಲಿನಿಂದಲೇ ಹೊರಬಂದವು. ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಎಂಬ ಪತ್ರಿಕೆಗಳೂ ಬಂದವು. ಅಂದಿನ ಅನೇಕ ಮನೆಗಳಲ್ಲಿ ಅಕ್ಷರ ಬಲ್ಲ ಒಬ್ಬ ಸೊಸೆ ಓದುತ್ತ, ಉಳಿದವರು ಸುತ್ತ ಕುಳಿತು ಕೇಳುತ್ತ ಈ ಪುಸ್ತಕಗಳನ್ನು ಬಳಸಿದರೆಂದು ಊಹಿಸುವುದು ತಪ್ಪಾಗಲಾರದು.

ಆಮೇಲೆ ಏನಾಯಿತು? ಆಕೆಯ ವಿಷಯವಾಗಿ ಬರೆದವರು ಹೇಳುವಂತೆ, ಸಾಹಿತ್ಯಲೋಕದ ಹಿರಿಯರಿಂದ ಬಂದ ಕಟುವಾದ ವಿಮರ್ಶೆ ಆ ಮನಸ್ಸನ್ನು ನೋಯಿಸಿತು, ಲೇಖನಿ ನಿಂತಿತು. ಆಕೆ ಕೊನೆಯುಸಿರೆಳೆದದ್ದು 1982ರಲ್ಲಿ, ಮದರಾಸಿನಲ್ಲಿ. ಪ್ರಕಟಿತ ಲೇಖಕಿಯಾಗಿ ಮೆರೆದ ಕಾಲಕ್ಕಿಂತ ಮೌನವಾಗಿ ಬದುಕಿದ ಕಾಲವೇ ದೊಡ್ಡದು. ನಾನು ಎಂ.ಎ. ತರಗತಿಯಲ್ಲಿ ಓದುತ್ತಿದ್ದ ದಿನಗಳಲ್ಲಿ ಆಕೆ ಇನ್ನೂ ಜೀವಂತವಾಗಿದ್ದರು. ನಮ್ಮ ಪಠ್ಯದಲ್ಲಿ ಆಕೆಯ ಹೆಸರು ಒಂದು ಸಾಲಿನ ಆಚೆಗೆ ಹೋಗಿರಲಿಲ್ಲ. ಚಿ. ನ. ಮಂಗಳಾ ಅವರಂಥವರು ಆ ಹೆಸರನ್ನು ಮತ್ತೆ ಬೆಳಕಿಗೆ ತಂದರು. ಇಂದು ಆಕೆಯ ಹೆಸರಿನಲ್ಲಿ ಪ್ರಶಸ್ತಿಯಿದೆ, ಆಕೆಯನ್ನು ಕುರಿತು ಸಂಶೋಧನೆಗಳಿವೆ. ಆದರೆ ಬರೆಯದೆ ಬಿಟ್ಟ ಕಾದಂಬರಿಗಳನ್ನು ಯಾವ ಸಂಶೋಧಕನೂ ಹುಡುಕಿ ತರಲಾರ. ವಿಮರ್ಶೆ ಇರಬಾರದೆಂದು ನಾನು ಹೇಳುತ್ತಿಲ್ಲ. ಮೂವತ್ತು ವರ್ಷ ವಿಮರ್ಶೆಯನ್ನೇ ಪಾಠ ಹೇಳಿ ಅನ್ನ ತಿಂದವನು ನಾನು. ಆ ಕಾದಂಬರಿಗಳಲ್ಲಿ ಉಪದೇಶ ಹೆಚ್ಚು, ಪಾತ್ರಗಳು ಆದರ್ಶದ ಅಚ್ಚಿನಲ್ಲಿ ಎರೆದಂಥವು ಎಂಬ ಆಕ್ಷೇಪ ಸುಳ್ಳೇನೂ ಅಲ್ಲ. ಅಂದಿನ ಗಂಡಸರ ಕಾದಂಬರಿಗಳ ವಿಷಯದಲ್ಲಿಯೂ ಅದು ಅಷ್ಟೇ ನಿಜ. ಅವರು ಮಾತ್ರ ಬರೆಯುತ್ತ ಹೋದರು. ಅವರಿಗೆ ಮಾತನಾಡಿಸುವ ಗೆಳೆಯರಿದ್ದರು.

ಗೆಳೆಯರ ಮಾತು ಬಂದದ್ದರಿಂದ ಮೈಸೂರಿನ ಒಂದು ಪ್ರಸಂಗವನ್ನು ಹೇಳಬೇಕು. ಅದು ಇಂಗ್ಲಿಷ್ ಕಾದಂಬರಿಯ ಕಥೆ; ಆದರೂ ನಮ್ಮ ಊರಿನದೇ. ಆರ್. ಕೆ. ನಾರಾಯಣ್ ಅವರು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬರೆದು ಲಂಡನ್ನಿನ ಪ್ರಕಾಶಕರಿಗೆ ಕಳುಹಿಸಿದಾಗ ಹಸ್ತಪ್ರತಿ ಒಂದೊಂದೇ ಕಡೆಯಿಂದ ಹಿಂದಿರುಗುತ್ತ ಬಂತು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಎಂಬವರ ಕೈಗೆ ಅದು ಸೇರಿತ್ತು. ಬೇಸತ್ತ ನಾರಾಯಣ್, ಆ ಕಟ್ಟಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡೆಂದು ಆತನಿಗೆ ಬರೆದರು. ಆತ ಎಸೆಯಲಿಲ್ಲ. ಗ್ರಹಾಂ ಗ್ರೀನ್ ಎಂಬ ತರುಣ ಕಾದಂಬರಿಕಾರನ ಕೈಗೆ ಕೊಟ್ಟ. ಗ್ರೀನ್ ಮೆಚ್ಚಿಕೊಂಡು ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆಗೆ ಶಿಫಾರಸು ಮಾಡಿದ; ಉದ್ದವಾಗಿದ್ದ ನಾರಾಯಣಸ್ವಾಮಿ ಎಂಬ ಹೆಸರನ್ನು ಮೊಟಕುಮಾಡಬೇಕೆಂದೂ ಸಲಹೆ ಕೊಟ್ಟ. 1935ರಲ್ಲಿ ಪುಸ್ತಕ ಬಂತು. ಅದು ಹೆಚ್ಚು ಮಾರಾಟವಾಗಲಿಲ್ಲ. ಮುಂದಿನ ಎರಡು ಕಾದಂಬರಿಗಳನ್ನು ನಾರಾಯಣ್ ಒಂದೊಂದನ್ನೂ ಬೇರೆ ಬೇರೆ ಪ್ರಕಾಶಕರಿಗೆ ಕೊಡಬೇಕಾಯಿತು. ಎರಡನೆಯ ಮಹಾಯುದ್ಧ ಬಂದು ಲಂಡನ್ನಿನ ಸಂಪರ್ಕವೇ ಕಡಿದಾಗ ಮೈಸೂರಿನಲ್ಲಿ ‘ಇಂಡಿಯನ್ ಥಾಟ್’ ಎಂಬ ಹೆಸರಿನಲ್ಲಿ ಅವರೇ ಪತ್ರಿಕೆಯನ್ನೂ ಪ್ರಕಾಶನವನ್ನೂ ತೆರೆದರು. ‘ಮಾಲ್ಗುಡಿ ಡೇಸ್’ ಎಂಬ ಹೆಸರಿನ ಮೊದಲ ಕಥಾಸಂಗ್ರಹ 1943ರಲ್ಲಿ ಹಾಗೆ ಮೈಸೂರಿನಿಂದಲೇ ಹೊರಬಂತು. ಗಳಗನಾಥರಿಗೂ ತಿರುಮಲಾಂಬೆಗೂ ಬಂದ ಪಾಡು ಇಂಗ್ಲಿಷಿನಲ್ಲಿ ಬರೆದ ನಾರಾಯಣರಿಗೂ ತಪ್ಪಲಿಲ್ಲ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಪ್ರಯಾಣವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ‘ಸಂಸ್ಕಾರ’ವನ್ನು ಬರೆದರು. ಇಂಗ್ಲೆಂಡಿನಲ್ಲಿ ಬರೆದ ಕನ್ನಡ ಕಾದಂಬರಿ ಅಚ್ಚಾದದ್ದು 1965ರಲ್ಲಿ, ಧಾರವಾಡದಲ್ಲಿ. ಮೈಸೂರಿನಲ್ಲಿ ಬರೆದದ್ದು ಲಂಡನ್ನಿಗೆ ಹೋಯಿತು. ಬರ್ಮಿಂಗ್‌ಹ್ಯಾಮಿನಲ್ಲಿ ಬರೆದದ್ದು ಧಾರವಾಡದ ಸುಭಾಸ ರಸ್ತೆಯ ಒಂದು ಅಟ್ಟಕ್ಕೆ ಬಂತು. ಆ ಅಟ್ಟವೇ ಮನೋಹರ ಗ್ರಂಥಮಾಲೆಯ ಅಟ್ಟ. 1933ರಲ್ಲಿ ಸ್ಥಾಪಿತವಾದ ಆ ಮಾಲೆಯನ್ನು ಜಿ. ಬಿ. ಜೋಶಿಯವರು ತಮ್ಮ ಬದುಕನ್ನೇ ಒತ್ತೆಯಿಟ್ಟು ನಡೆಸಿದರು. ಕೀರ್ತಿನಾಥ ಕುರ್ತಕೋಟಿಯವರು ಅದರ ಸಲಹೆಗಾರರಾಗಿದ್ದರು. ವರ್ಷಕ್ಕೆ ಇಂತಿಷ್ಟು ಹಣ ತೆತ್ತ ಚಂದಾದಾರರಿಗೆ ಇಂತಿಷ್ಟು ಪುಟಗಳ ಪುಸ್ತಕಗಳನ್ನು ಕಳುಹಿಸಿಕೊಡುವುದು ಅದರ ಏರ್ಪಾಡು.

ಈ ಏರ್ಪಾಡಿನ ಗುಟ್ಟನ್ನು ನಾವು ಸರಿಯಾಗಿ ಅರಿಯಬೇಕು. ಚಂದಾದಾರನು ಯಾವ ಪುಸ್ತಕ ಬರುವುದೆಂದು ತಿಳಿಯದೆಯೇ ಹಣ ಕೊಟ್ಟಿರುತ್ತಾನೆ. ಎಂದರೆ ಅವನು ನಂಬುವುದು ಲೇಖಕನನ್ನಲ್ಲ, ಆರಿಸುವವನ ಅಭಿರುಚಿಯನ್ನು. ಆದ್ದರಿಂದಲೇ ಹೆಸರೇ ಕೇಳದ ತರುಣನ ಮೊದಲ ಕೃತಿಗೂ ಅಲ್ಲಿ ಸಿದ್ಧವಾದ ಓದುಗರಿರುತ್ತಿದ್ದರು. ಇಪ್ಪತ್ತಮೂರರ ಹುಡುಗ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವೂ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಕಾದಂಬರಿಯೂ 1961ರಲ್ಲಿ ಹಾಗೆಯೇ ಬಂದವು. ನವ್ಯಸಾಹಿತ್ಯದ ಉದಯಕ್ಕೆ ಕಾಮೂ, ಸಾರ್ತ್ರ, ಎಲಿಯಟರ ಪ್ರಭಾವವನ್ನು ಕಾರಣವಾಗಿ ಹೇಳುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಅಂಚೆಯವನು ತಂದುಕೊಡುತ್ತಿದ್ದ ಆ ಪೊಟ್ಟಣದ ಪ್ರಭಾವವೂ ಅದಕ್ಕೆ ಕಡಮೆಯದಲ್ಲ.

ನಮ್ಮ ಹಿರಿಯ ಲೇಖಕರಲ್ಲಿ ತಾವೇ ಪ್ರಕಾಶಕರಾದವರ ಪಟ್ಟಿ ದೊಡ್ಡದಿದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ‘ಹರ್ಷ’ ಮುದ್ರಣಾಲಯವನ್ನು ನಡೆಸಿದರು. ಕುವೆಂಪು ಅವರ ಮನೆಯ ಹೆಸರೇ ಉದಯರವಿ ಎಂಬ ಪ್ರಕಾಶನದ ಹೆಸರಾಯಿತು. ಪೂರ್ಣಚಂದ್ರ ತೇಜಸ್ವಿಯವರು ಯಾವ ಆಡಂಬರವೂ ಇಲ್ಲದೆ ‘ಪುಸ್ತಕ ಪ್ರಕಾಶನ’ವೆಂದೇ ಹೆಸರಿಟ್ಟರು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿಕೊಳ್ಳುವುದು ಇತರ ಸಾಹಿತ್ಯಗಳಲ್ಲಿ ಕೀಳೆಂದು ಎಣಿಸಲ್ಪಡುತ್ತದೆ. ಕನ್ನಡದಲ್ಲಿ ಹಾಗೆನ್ನುವವನು ಅರ್ಧ ಸಾಹಿತ್ಯವನ್ನೇ ಕೀಳೆನ್ನಬೇಕಾದೀತು.

ಇನ್ನು ವಾರಪತ್ರಿಕೆಗಳ ವಿಷಯ. ಇದು ನನ್ನ ತಲೆಮಾರಿನವರು ಕಣ್ಣಾರೆ ಕಂಡದ್ದು. ‘ಸುಧಾ’ 1965ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲೇ ‘ಪ್ರಜಾಮತ’, ‘ಕರ್ಮವೀರ’ಗಳಿದ್ದವು, ಅನಂತರ ‘ಮಯೂರ’, ‘ತುಷಾರ’, ‘ತರಂಗ’ಗಳು ಬಂದವು. ಧಾರಾವಾಹಿಯ ಮುಂದಿನ ಕಂತಿಗಾಗಿ ಪತ್ರಿಕೆಯನ್ನು ಹಂಚಿಕೊಂಡು, ಕಿತ್ತಾಡಿ, ಹಾಳೆ ಕತ್ತರಿಸಿ ಹೊಲಿದಿಟ್ಟ ಕಟ್ಟುಗಳು ಎಷ್ಟು ಮನೆಗಳ ಅಟ್ಟದ ಮೇಲೆ ಇರಲಿಲ್ಲ! ಆ ಸಂಪಾದಕರ ಮೇಜಿನ ಮೇಲೆ ಅನೇಕ ಹಸ್ತಪ್ರತಿಗಳು ಅಂಚೆಯಲ್ಲೇ ಬರುತ್ತಿದ್ದವು. ಬರೆದವರು ಯಾವ ಊರಿನವರು, ಯಾರ ಶಿಷ್ಯರು, ಯಾವ ಪಂಗಡದವರು ಎಂದು ತಿಳಿಯಲು ಲಕೋಟೆಯ ಮೇಲಿನ ವಿಳಾಸವಲ್ಲದೆ ಬೇರೆ ಆಧಾರವಿರುತ್ತಿರಲಿಲ್ಲ. ಜೊತೆಯಲ್ಲಿ ಸ್ವವಿಳಾಸ ಬರೆದು ಸ್ಟಾಂಪು ಹಚ್ಚಿದ ಇನ್ನೊಂದು ಲಕೋಟೆ. ಅದು ಹಿಂದಿರುಗಿ ಬಂದರೆ ಒಳಗೆ ಅಚ್ಚಾದ ವಿಷಾದಪತ್ರ. ನನ್ನ ಕೈಗೂ ಅಂಥ ನಾಲ್ಕೈದು ಬಂದಿವೆ. ಒಂದು ಪತ್ರಿಕೆಯವರಂತೂ ಕಥೆಯನ್ನು ಇಟ್ಟುಕೊಂಡು ವಿಷಾದಪತ್ರವನ್ನು ಮಾತ್ರ ಕಳುಹಿಸಿದ್ದರು.

ಮನೆಯಿಂದ ಹೊರಗೆ ಹೋಗಲಾಗದವರಿಗೆ, ಪರಿಚಯದ ಬಲವಿಲ್ಲದವರಿಗೆ, ಈ ಅಂಚೆಯ ಹಾದಿ ಎಷ್ಟು ದೊಡ್ಡ ಉಪಕಾರವಾಯಿತೆಂಬುದನ್ನು ಅಳೆಯುವುದು ಕಷ್ಟ. ಕಾಲವೂ ಬದಲಾಗಿತ್ತು. ತ್ರಿವೇಣಿಯವರು 1953ರಲ್ಲಿ ‘ಅಪಸ್ವರ’ದಿಂದ ಆರಂಭಿಸಿ, ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು, 1963ರಲ್ಲಿ ಮೂವತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡರು. ಅದೇ 1963ರಲ್ಲಿ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂತು. ತೀರ್ಥಹಳ್ಳಿಯ ಕಡೆಯ ಈ ಹೆಣ್ಣುಮಗಳಿಗೆ ಮದುವೆಯಾದಾಗ ಹನ್ನೆರಡು ವರ್ಷ, ಕಾದಂಬರಿ ಬರೆಯಲು ಕುಳಿತಾಗ ನಲವತ್ತೈದು. ನಡುವಿನ ಮೂವತ್ತಮೂರು ವರ್ಷ ಆಕೆ ಏನು ಮಾಡುತ್ತಿದ್ದರು? ಸಂಸಾರ ಮಾಡುತ್ತಿದ್ದರು, ಕೇಳಿಸಿಕೊಳ್ಳುತ್ತಿದ್ದರು. ಆ ಕೇಳಿಸಿಕೊಂಡದ್ದೇ ಮುಂದೆ 1976ರಲ್ಲಿ ‘ಫಣಿಯಮ್ಮ’ ಆಯಿತು. ಬಾಲವಿಧವೆಯಾಗಿ ಒಂದು ದೊಡ್ಡ ಮನೆಯ ಮೂಲೆಯಲ್ಲಿ ಮುದುಕಿಯಾದ ಫಣಿಯಮ್ಮನ ಕಥೆಯನ್ನು ಓದುವಾಗಲೆಲ್ಲ ನನಗೆ ತಿರುಮಲಾಂಬೆಯ ನೆನಪಾಗುತ್ತದೆ. ಒಬ್ಬಾಕೆ ಕಥೆಯಾದಳು, ಒಬ್ಬಾಕೆ ಕಥೆ ಬರೆದಳು. ಬಾಳಿದ ಸ್ಥಿತಿ ಒಂದೇ.

ಇಂದಿರಾ ಅವರಿಗೆ ನಲವತ್ತೈದಾಗಿದ್ದಂತೆ ಸಾರಾ ಅಬೂಬಕ್ಕರ್ ಅವರಿಗೂ ಸುಮಾರು ನಲವತ್ತೈದಾಗಿತ್ತು, 1981ರಲ್ಲಿ ಅವರ ಬರಹ ಮೊದಲು ಬೆಳಕು ಕಂಡಾಗ. ಕಾಸರಗೋಡಿನ ಚಂದ್ರಗಿರಿ ನದಿಯ ದಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಮನೆವಾರ್ತೆ ನಡೆಸುತ್ತಿದ್ದ ಈಕೆಯ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು, 1984ರಲ್ಲಿ ಪುಸ್ತಕವಾಯಿತು. ತಲಾಖ್ ಹೇಳಿಸಿಕೊಂಡ ಹೆಣ್ಣಿನ ಗೋಳನ್ನು ಮುಸ್ಲಿಂ ಮನೆಯ ಒಳಗಿನಿಂದಲೇ ಹೇಳಿದ ಕನ್ನಡ ಕಾದಂಬರಿ ಅದಕ್ಕೆ ಮೊದಲು ಇರಲಿಲ್ಲವೆಂದೇ ಹೇಳಬೇಕು. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ಆ ವಾರಪತ್ರಿಕೆ ಜಾಹೀರಾತನ್ನು ನೆಚ್ಚದೆ ಓದುಗರ ಕಾಸನ್ನೇ ನೆಚ್ಚಿತ್ತು. ಆದುದರಿಂದ ಯಾರನ್ನು ಮೆಚ್ಚಿಸಬೇಕೆಂಬ ಚಿಂತೆ ಅದಕ್ಕೆ ಕಡಮೆ. ಕೊನೆಗೆ ಸಾರಾ ಅವರೂ 1994ರಲ್ಲಿ ‘ಚಂದ್ರಗಿರಿ ಪ್ರಕಾಶನ’ವನ್ನು ತೆರೆದರು. 1913ರ ಸತೀಹಿತೈಷಿಣಿಯಿಂದ ಇಲ್ಲಿಗೆ ಎಂಬತ್ತೊಂದು ವರ್ಷ.

ಈಗ ನನ್ನ ಮಿತ್ರರ ಪ್ರಶ್ನೆಗೆ ಉತ್ತರ ಹೇಳಬಹುದು. ಹಾಸನದ ಬಾನು ಮುಷ್ತಾಕ್ ಲೇಖಕಿಯಾದದ್ದು 2025ರಲ್ಲಲ್ಲ. 1970ರ ದಶಕದಲ್ಲಿ, ‘ಪ್ರಜಾಮತ’ ಆಕೆಯ ಕಥೆಯನ್ನು ಅಚ್ಚು ಮಾಡಿದಾಗ. ಬಂಡಾಯ ಸಾಹಿತ್ಯ ಚಳವಳಿ ಆಕೆಗೆ ಜೊತೆಗಾರರನ್ನು ಕೊಟ್ಟಿತು, ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯ ಕೆಲಸ ಬೀದಿಯ ಮಾತನ್ನು ಕಲಿಸಿತು, ವಕೀಲಿ ವೃತ್ತಿ ಮನೆಗಳ ಒಳಗುದಿಯನ್ನು ಕಕ್ಷಿದಾರರ ಬಾಯಿಂದಲೇ ಕೇಳಿಸಿತು. 2000ದಲ್ಲಿ, ಮಸೀದಿಯಲ್ಲಿ ಹೆಂಗಸರಿಗೂ ಪ್ರಾರ್ಥನೆಯ ಹಕ್ಕಿದೆಯೆಂದು ಆಡಿದ ಮಾತಿಗಾಗಿ ಸಾಮಾಜಿಕ ಬಹಿಷ್ಕಾರವನ್ನೂ ಬೆದರಿಕೆಯನ್ನೂ ಆಕೆ ಎದುರಿಸಬೇಕಾಯಿತು. ಆಕೆಯ ‘ಕರಿ ನಾಗರಗಳು’ ಎಂಬ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ‘ಹಸೀನಾ’ ಚಿತ್ರವನ್ನು ಮಾಡಿದ್ದು ಇಪ್ಪತ್ತು ವರ್ಷದ ಹಿಂದೆಯೇ. ಕನ್ನಡಿಗರಿಗೆ ಗೊತ್ತಿರಲಿಲ್ಲವೆಂದರೆ ಕನ್ನಡಿಗರು ಓದಿರಲಿಲ್ಲವೆಂದು ಅರ್ಥ. ಲಂಡನ್ನಿನವರು ಹೇಳಿದ ಮೇಲೆ ಅಂಗಡಿಗಳಲ್ಲಿ ಕೇಳತೊಡಗಿದೆವು. ಹಿಂದಿಯ ಗೀತಾಂಜಲಿ ಶ್ರೀಯವರಿಗೂ ಇದೇ ಆಯಿತೆಂದು ಆ ಭಾಷೆಯ ಮಿತ್ರರು ಹೇಳುತ್ತಾರೆ. ಅವರ ‘ರೇತ್ ಸಮಾಧಿ’ 2018ರಲ್ಲಿ ಹಿಂದಿಯಲ್ಲಿ ಬಂದಿತ್ತು. ಡೇಸಿ ರಾಕ್‌ವೆಲ್ ಅವರ ಅನುವಾದಕ್ಕೆ 2022ರಲ್ಲಿ ಇದೇ ಬೂಕರ್ ಪ್ರಶಸ್ತಿ ಬಂದ ಮೇಲೆ ಮೂಲವನ್ನು ಹುಡುಕಿಕೊಂಡು ಹೋದವರು ಬಹಳ ಮಂದಿ.

ಪ್ರಕಟವಾದ ಲೇಖಕ ಮತ್ತೆ ಅಪ್ರಕಟನಾಗಬಯಸಿದ ಪ್ರಸಂಗವೂ ನಮ್ಮ ನೆರೆಯಲ್ಲೇ ನಡೆದಿದೆ. ತಮಿಳಿನ ಪೆರುಮಾಳ್ ಮುರುಗನ್ ಅವರ ‘ಮಾದೊರುಬಾಗನ್’ 2010ರಲ್ಲಿ ಬಂದಾಗ ಗದ್ದಲವೇನೂ ಆಗಲಿಲ್ಲ. ಇಂಗ್ಲಿಷ್ ಅನುವಾದ ಬಂದ ಅನಂತರ, 2014ರ ಕೊನೆಯಲ್ಲಿ, ಅವರ ಊರ ಕಡೆ ಪ್ರತಿಭಟನೆ ಎದ್ದಿತು. 2015ರ ಜನವರಿಯಲ್ಲಿ ಅವರು ತಮ್ಮೊಳಗಿನ ಲೇಖಕ ಸತ್ತನೆಂದು ಸಾರ್ವಜನಿಕವಾಗಿ ಘೋಷಿಸಿ, ತಮ್ಮ ಪುಸ್ತಕಗಳನ್ನು ಮಾರಬೇಡಿರೆಂದು ಪ್ರಕಾಶಕರನ್ನು ಕೇಳಿಕೊಂಡರು. 2016ರ ಜುಲೈಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಲೇಖಕನ ಪರವಾಗಿ ತೀರ್ಪು ಕೊಟ್ಟಿತು. ಅವರು ಮತ್ತೆ ಬರೆದರು. ತಿರುಮಲಾಂಬೆಯ ಮೌನಕ್ಕೂ ಮುರುಗನ್ನರ ಮೌನಕ್ಕೂ ಕಾರಣಗಳು ಬೇರೆ. ಒಂದು ವಿಮರ್ಶೆಯ ಪೆಟ್ಟು, ಇನ್ನೊಂದು ಗುಂಪಿನ ಪೆಟ್ಟು. ಎರಡನೆಯದಕ್ಕೆ ನ್ಯಾಯಾಲಯವಿದೆ.

ಇಂದಿನ ಸ್ಥಿತಿ ಹೇಗಿದೆ? ಸರ್ಕಾರದ ಗ್ರಂಥಾಲಯ ಕಾಯ್ದೆ 1965ರದು. ಆಯ್ಕೆಯಾದ ಪುಸ್ತಕದ ಮುನ್ನೂರರಷ್ಟು ಪ್ರತಿಗಳನ್ನು ಗ್ರಂಥಾಲಯ ಇಲಾಖೆ ಕೊಳ್ಳುವ ಪದ್ಧತಿಯಿಂದ ಅನೇಕ ಪ್ರಕಾಶಕರು ಉಸಿರಾಡಿದರು, ಅನೇಕ ಪುಸ್ತಕಗಳು ಆ ಮುನ್ನೂರಕ್ಕಾಗಿಯೇ ಹುಟ್ಟಿದವು ಕೂಡ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ. ಕಥೆಗಾರ ವಸುಧೇಂದ್ರ ಅವರು ತಮ್ಮ ‘ಛಂದ ಪುಸ್ತಕ’ದಿಂದ ಹೊಸಬರ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿ, ಆಯ್ಕೆಯಾದುದನ್ನು ಪ್ರಕಟಿಸುತ್ತ ಬಂದಿದ್ದಾರೆ, ಇಂದು ಹೆಸರು ಮಾಡಿರುವ ಹಲವರ ಮೊದಲ ಪುಸ್ತಕ ಅಲ್ಲಿಯದು. ಮನೋಹರ ಗ್ರಂಥಮಾಲೆಯ ಅಟ್ಟದ ಬುದ್ಧಿಯೇ ಬೇರೊಂದು ರೂಪದಲ್ಲಿ ಅಲ್ಲಿ ಕೆಲಸಮಾಡುತ್ತಿದೆಯೆಂದು ನನಗೆ ತೋರುತ್ತದೆ.

ಇವೆಲ್ಲವುಗಳ ಜೊತೆಗೆ ಇನ್ನೊಂದು ಬದಲಾವಣೆಯಾಗಿದೆ. ಮೊಳೆ ಜೋಡಿಸುವ ಕಾಲದಲ್ಲಿ ಸಾವಿರ ಪ್ರತಿಗಿಂತ ಕಡಮೆ ಅಚ್ಚು ಹಾಕಿಸುವುದು ಗಿಟ್ಟುತ್ತಿರಲಿಲ್ಲ. ಈಗ ಐವತ್ತು ಪ್ರತಿ ಬೇಕೆಂದರೆ ಐವತ್ತೇ ಸಿಗುತ್ತವೆ. ಹಣ ಕೊಟ್ಟವರ ಪುಸ್ತಕವನ್ನೆಲ್ಲ ಒಂದಕ್ಷರ ತಿದ್ದದೆ ಅಚ್ಚು ಹಾಕಿಕೊಡುವವರಿದ್ದಾರೆ. ಬಿಡುಗಡೆ ಸಮಾರಂಭ, ಹಾರ, ಶಾಲು, ಛಾಯಾಚಿತ್ರ ಎಲ್ಲವೂ ಆಗುತ್ತವೆ. ಹೊಸ್ತಿಲು ಅಷ್ಟರಮಟ್ಟಿಗೆ ಸವೆದುಹೋಗಿದೆ. ಅದು ಒಳ್ಳೆಯದೇ, ತಿರುಮಲಾಂಬೆಗೆ ಈ ಸೌಕರ್ಯವಿದ್ದಿದ್ದರೆ ಎಂದು ನಾನೂ ಯೋಚಿಸಿದ್ದೇನೆ. ಆದರೆ ಆ ಹೊಸ್ತಿಲಿನ ಒಳಗೆ ಒಬ್ಬ ಅಪರಿಚಿತ ಕುಳಿತಿರುತ್ತಿದ್ದ. ಲೇಖಕನ ಸಂಬಂಧಿಯಲ್ಲದ, ಸ್ನೇಹಿತನಲ್ಲದ, ಅವನಿಂದ ಹಣ ಪಡೆಯದ ಒಬ್ಬ ಮನುಷ್ಯ ಮೊದಲಿನ ಪುಟದಿಂದ ಕೊನೆಯ ಪುಟದವರೆಗೆ ಓದಿ, ಇದು ಇರಲಿ, ಇದು ಬೇಡ, ಇಲ್ಲಿ ಇನ್ನೂ ಸ್ವಲ್ಪ ಬರೆಯಿರಿ ಎನ್ನುತ್ತಿದ್ದ. ಗ್ರಹಾಂ ಗ್ರೀನ್ ಮಾಡಿದ್ದೂ ಅಟ್ಟದ ಮೇಲೆ ಕುರ್ತಕೋಟಿ ಮಾಡಿದ್ದೂ ಅದನ್ನೇ. ಈಗ ಅನೇಕರ ಮೊದಲ ಪುಸ್ತಕಕ್ಕೆ ಅಂಥ ಮೊದಲ ಓದುಗನೇ ಸಿಗುತ್ತಿಲ್ಲ. ಅಚ್ಚಾಗದೆ ಕೊರಗಿದವರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೆ. ಅಚ್ಚಾದ ಮೇಲೆ ಯಾರೊಬ್ಬರೂ ಒಂದು ಮಾತೂ ಆಡಲಿಲ್ಲವೆಂದು ಕೊರಗುವವರನ್ನು ಈಗ ಕಾಣುತ್ತಿದ್ದೇನೆ.

ನಿವೃತ್ತನಾದ ಮೇಲೆ ಸಣ್ಣಕಥೆಯ ಸ್ಪರ್ಧೆಗಳಿಗೆ ತೀರ್ಪುಗಾರನಾಗಿರಲು ಕೆಲವರು ನನ್ನನ್ನು ಕರೆಯುತ್ತಾರೆ. ಹೆಸರು ವಿಳಾಸಗಳನ್ನು ತೆಗೆದು, ಸಂಖ್ಯೆ ಮಾತ್ರ ಹಾಕಿದ ಕಥೆಗಳ ಕಟ್ಟು ಮನೆಗೆ ಬರುತ್ತದೆ. ಈ ಸಲದ ಕಟ್ಟಿನಲ್ಲಿ ಹಲವು ಕಥೆಗಳು ಬೆರಳಚ್ಚಿನವು. ಒಂದು ಮಾತ್ರ ಗೆರೆ ಎಳೆದ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ಬರೆದದ್ದು. ಬೀಡಿ ಕಟ್ಟುವ ಮನೆಯೊಂದರ ಕಥೆ; ನಡುವೆ ಎರಡು ಪುಟ ಜಾಳಾಗಿದೆ, ಆದರೆ ಅತ್ತೆಯ ಮಾತುಗಳನ್ನು ಕೇಳಿಯೇ ಬರೆದದ್ದೆಂಬುದರಲ್ಲಿ ಸಂಶಯವಿಲ್ಲ. ಬಹುಮಾನಕ್ಕೆ ಬರುವುದೋ ಇಲ್ಲವೋ, ಇನ್ನಿಬ್ಬರು ತೀರ್ಪುಗಾರರಿದ್ದಾರೆ. ಆ ಎರಡು ಪುಟಗಳ ವಿಷಯವಾಗಿ ಒಂದು ಕಾಗದ ಬರೆದು, ಸಂಖ್ಯೆ ನೋಡಿ ವಿಳಾಸಕ್ಕೆ ಸೇರಿಸಬೇಕೆಂದು ಸ್ಪರ್ಧೆ ನಡೆಸುವವರ ಕೈಗೆ ಕೊಟ್ಟಿದ್ದೇನೆ.